ಚೈನಾ ಗ್ರಾಸ್‌ನ ತವರುಮನೆ ನೋಡಿದ್ದೀರಾ?

ಮಕ್ಕಳಿಗೆಂದು ಹಾಲು ಹಾಕಿ ಚೈನಾ ಗ್ರಾಸ್ ಮಾಡುತ್ತೀರಲ್ಲ, ಅದು ಹುಲ್ಲಲ್ಲ. ಕೆಂಪು ಜಾತಿಯ ಕಡಲಕಳೆಯನ್ನು ಬೇಯಿಸಿ ತೆಗೆದ ಅಗರ್!

ಈ ಕಳೆಗಳ ಬಳಗವನ್ನು ಕಣ್ಣಾರೆ ನೋಡಬೇಕೆ? ಕಾರವಾರದ ಕಡೆ ನೆಂಟರಿದ್ದರೆ ಮಳೆಗಾಲ ಕಳೆದ ಮೇಲೆ ಹೋಗಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಹೆಚ್ಚು ಇಳಿದು ಬಂಡೆಗಳು ಬಯಲಾಗುತ್ತವೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಆದ್ದರಿಂದ ಸಮುದ್ರ ಬಲ್ಲವರೊಬ್ಬರು ಜೊತೆಗಿರಲೇಬೇಕು.

ಮೊದಲು ಸಿಗುವುದು ಮರಳಿನ ಮೇಲೆ ಹಬ್ಬಿದ ಅಡುಂಬು ಬಳ್ಳಿ. ಆಡಿನ ಗೊರಸಿನಂಥ ಎಲೆ, ನಸುನೇರಳೆ ಹೂವು. ಗಾಳಿಗೆ ಮರಳು ಹಾರದಂತೆ ಹಿಡಿದಿಡುವ ಗಟ್ಟಿಗಿತ್ತಿ ಇದು! ಕಾಳಿ ನದಿಯ ಅಳಿವೆ ಕಡೆ ಹೋದರೆ ಕಾಂಡ್ಲಾ ಗಿಡಗಳು. ಅವುಗಳ ಬೇರಿನ ಸಂದಿಯಲ್ಲಿ ಮೀನು, ಸೀಗಡಿಯ ಮರಿಗಳು ಬೆಳೆಯುತ್ತವೆ.

ಬಂಡೆಗಳ ಹತ್ತಿರ ಬಂದರೆ, "ಅಯ್ಯೋ, ಪಾಚಿ ತಾನೇ!" ಅನ್ನಬೇಡಿ. ಬಗ್ಗಿ ನೋಡಿ. ರೇಷ್ಮೆ ಚೂರಿನಂತೆ ತೆಳ್ಳಗಿರುವ ಹಸಿರು ಹಾಳೆ ಅಲ್ವಾ. ಬೀಸಣಿಗೆಯಂತೆ ಅರಳಿದ್ದು ಪಡೈನಾ. ಮೆಣಸಿನ ಕಾಳಿನಂಥ ಗಾಳಿಗುಳ್ಳೆ ಕಟ್ಟಿಕೊಂಡದ್ದು ಸರ್ಗಾಸಮ್. ಆ ಗುಳ್ಳೆಗಳೇ ಅದನ್ನು ನೀರಿನಲ್ಲಿ ಎತ್ತಿ ಹಿಡಿಯುತ್ತವೆ. ಇವಕ್ಕೆ ನಮ್ಮ ಗಿಡಗಳಂತೆ ಬೇರಿಲ್ಲ. ಮೈಯೆಲ್ಲದರಿಂದ ಆಹಾರ ಹೀರುತ್ತವೆ. ಬುಡ ಬಂಡೆಯನ್ನು ಹಿಡಿದುಕೊಳ್ಳುವುದಕ್ಕೆ ಮಾತ್ರ.

ಆ ಬುಡವೇ ಮುಖ್ಯ. ತಮಿಳುನಾಡಿನ ರಾಮನಾಥಪುರ ಕರಾವಳಿಯಲ್ಲಿ ಹೆಂಗಸರು ಬೆರಳಿಗೆ ಬಟ್ಟೆ ಸುತ್ತಿಕೊಂಡು, ಉಸಿರು ಬಿಗಿಹಿಡಿದು ಮುಳುಗಿ ಅಗರ್ ಕಳೆ ಕೀಳುತ್ತಾರೆ. ಅವರ ಮನೆಯ ಒಲೆ ಉರಿಯುವುದು ಅದರಿಂದ. ಬುಡ ಉಳಿದರೆ ಕಳೆ ಮತ್ತೆ ಚಿಗುರುತ್ತದೆ. ಬುಡಸಮೇತ ಕಿತ್ತರೆ ಮುಂದಿನ ಫಸಲಿಗೇ ಕುತ್ತು. ಹಾಗಾಗಿ ನೋಡಲು ಹೋದ ನಾವು ಕೀಳುವುದೇ ಬೇಡ. ದಡಕ್ಕೆ ಬಂದು ಬಿದ್ದದ್ದನ್ನು ಮಕ್ಕಳ ಕೈಗೆ ಕೊಟ್ಟು ತೋರಿಸಿದರೆ ಸಾಕು.

ಹೋಗುವವರಿಗೆ ನಾಲ್ಕು ಮಾತು:
* ಸೀರೆ ಎತ್ತಿ ಕಟ್ಟಿ. ಜಾರದ, ಪಟ್ಟಿಯಿರುವ ಚಪ್ಪಲಿ ಇರಲಿ.
* ನೀರು ತಿರುಗಿತೆಂದರೆ ಮಾತು ಬಿಟ್ಟು ಮೊದಲು ದಡ ಸೇರಿ.
* ಎತ್ತಿ ನೋಡಿದ ಕಲ್ಲನ್ನು ಇದ್ದಂತೆಯೇ ಇಡಿ, ಅಡಿಯಲ್ಲಿ ಜೀವಗಳಿರುತ್ತವೆ.
* ಕಂಡ ಕಳೆಯನ್ನೆಲ್ಲ ಬಾಯಿಗೆ ಹಾಕಬೇಡಿ. ಕೊಳಚೆ ಸೇರುವ ಕಡೆಯದಂತೂ ಬೇಡವೇ ಬೇಡ.

ಮನೆಗೆ ಬಂದು 10 ಗ್ರಾಂ ಚೈನಾ ಗ್ರಾಸ್ ನೆನೆಸಿ, ಒಂದು ಲೋಟ ನೀರಿನಲ್ಲಿ ಪೂರ್ತಿ ಕರಗುವವರೆಗೆ ಕುದಿಸಿ. ಸಕ್ಕರೆ, ಏಲಕ್ಕಿ ಹಾಕಿದ ಅರ್ಧ ಲೀಟರ್ ಬಿಸಿ ಹಾಲಿಗೆ ಸೋಸಿ, ತಟ್ಟೆಗೆ ಸುರಿಯಿರಿ. ಫ್ರಿಜ್ ಇಲ್ಲದಿದ್ದರೂ ಗಟ್ಟಿಯಾಗುತ್ತದೆ. ತಿನ್ನುವಾಗ ಮಕ್ಕಳಿಗೆ ಅದರ ತವರಿನ ಕಥೆಯನ್ನೂ ಹೇಳಿ.