ಕೋಲಾರದ ಆಳದಲ್ಲಿ ಎಣಿಸಿದ್ದು ಚಿನ್ನವನ್ನಲ್ಲ

ಖಾರಘರದಲ್ಲಿ ನಾನು ಕರ್ನಾಟಕದವನು ಎಂದರೆ ಸಾಕು, ಮರಾಠಿ ಗೆಳೆಯರು ‘ಕೆಜಿಎಫ್’ ಸಿನಿಮಾದ ಮಾತು ತೆಗೆಯುತ್ತಾರೆ. ಅಲ್ಲಿ ನಿಜವಾಗಿಯೂ ಅಷ್ಟೊಂದು ಚಿನ್ನ ಇತ್ತೇ ಎಂದು ಕೇಳುತ್ತಾರೆ. ಇತ್ತು. ಆದರೆ ಅದೇ ಗಣಿಯಲ್ಲಿ ಚಿನ್ನಕ್ಕಿಂತ ಅಪರೂಪದ್ದನ್ನು ಹುಡುಕಿದವರೂ ಇದ್ದರು. ಅವರು ಹೋಗಿದ್ದು ಇದೇ ಮುಂಬೈನಿಂದ, ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಎಂದರೆ ಯಾರೂ ಸುಲಭಕ್ಕೆ ನಂಬುವುದಿಲ್ಲ.

ಅವರು ಎಣಿಸುತ್ತಿದ್ದದ್ದು ಮ್ಯುವಾನ್ ಎಂಬ ಕಣವನ್ನು. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣದ ಮೇಲ್ಪದರಕ್ಕೆ ಬಡಿದಾಗ ಇವು ಹುಟ್ಟುತ್ತವೆ. ಎಲೆಕ್ಟ್ರಾನಿಗಿಂತ ಸುಮಾರು 207 ಪಟ್ಟು ಭಾರ. ಸರಾಸರಿ ಆಯುಸ್ಸು ಸೆಕೆಂಡಿನ ಹತ್ತು ಲಕ್ಷದ 2.2 ಭಾಗ ಮಾತ್ರ. ಆದರೂ ಬೆಳಕಿನ ವೇಗಕ್ಕೆ ಸಮೀಪದಲ್ಲಿ ಓಡುವುದರಿಂದ ನೆಲ ಮುಟ್ಟುತ್ತವೆ. ನೀವು ಇದನ್ನು ಓದುತ್ತಿರುವಾಗಲೂ ಅಂಗೈಯಷ್ಟು ಜಾಗದಲ್ಲಿ ನಿಮಿಷಕ್ಕೆ ನೂರರಷ್ಟು ಮ್ಯುವಾನ್‌ಗಳು ಹಾದುಹೋಗುತ್ತಿವೆ.

ಇವನ್ನು ಹಿಡಿಯುವ ಉಪಾಯ ಸರಳ. ಕಣ ತಾಗಿದಾಗ ಕ್ಷಣಮಾತ್ರ ಮಿನುಗುವ ವಿಶೇಷ ಪ್ಲಾಸ್ಟಿಕ್ ಹಲಗೆಗಳಿವೆ. ಅಂಥ ಎರಡನ್ನು ಒಂದರ ಮೇಲೊಂದಿಟ್ಟು, ಎರಡೂ ಒಟ್ಟಿಗೆ ಮಿನುಗಿದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದು. ಒಂದು ಮಾತ್ರ ಮಿನುಗಿದರೆ ಅದು ಬೇರಾವುದೋ ಗದ್ದಲ ಇರಬಹುದು. ನನ್ನಂಥ ಸಾಫ್ಟ್‌ವೇರ್ ಮಂದಿಗೆ ಇದು ದಿನಾ ಬರೆಯುವ ಕಂಡಿಷನ್: ಇದೂ ನಿಜ, ಅದೂ ನಿಜ ಆದರಷ್ಟೇ ಮುಂದಕ್ಕೆ. ಹಲಗೆಗಳನ್ನು ದೂರ ದೂರ ಇಟ್ಟರೆ ಕಣ ಬಂದ ದಿಕ್ಕೂ ತಿಳಿಯುತ್ತದೆ.

ದಿಕ್ಕು ತಿಳಿದರೆ ಚಿತ್ರ ತೆಗೆಯಬಹುದು. ನಮ್ಮ ಪಾಂಡವಕಡಾ ಜಲಪಾತದ ಗುಡ್ಡವನ್ನೇ ನೋಡಿ. ಅದರ ಕಪ್ಪುಕಲ್ಲಿನೊಳಗೆ ಒಂದು ಗುಹೆ ಇದ್ದರೆ, ಆ ದಿಕ್ಕಿನಿಂದ ಸ್ವಲ್ಪ ಹೆಚ್ಚು ಮ್ಯುವಾನ್‌ಗಳು ಬರುತ್ತವೆ, ಏಕೆಂದರೆ ದಾರಿಯಲ್ಲಿ ಕಲ್ಲು ಕಡಿಮೆ. ಎಕ್ಸ್‌ರೇಯ ತತ್ವವೇ, ಆದರೆ ಕಿರಣ ಬಿಡುವುದು ಆಕಾಶ. ಲೂಯಿಸ್ ಅಲ್ವಾರೆಜ್ 1960ರ ದಶಕದ ಕೊನೆಯಲ್ಲಿ ಈಜಿಪ್ಟಿನ ಖಫ್ರೆ ಪಿರಮಿಡ್ಡನ್ನು ಹೀಗೆ ನೋಡಿದರು. ನೋಡಿದಷ್ಟು ಭಾಗದಲ್ಲಿ ಗುಪ್ತ ಕೋಣೆ ಇರಲಿಲ್ಲ. 2017ರಲ್ಲಿ ಖುಫುವಿನ ಮಹಾ ಪಿರಮಿಡ್ಡಿನಲ್ಲಿ ಕನಿಷ್ಠ 30 ಮೀಟರ್ ಉದ್ದದ ಟೊಳ್ಳು ಕಂಡಿತು. ಫುಕುಶಿಮಾದ ಅಣು ರಿಯಾಕ್ಟರ್ ಒಳಗೆ ಇಂಧನ ಉಳಿದಿದೆಯೇ ಎಂದು ನೋಡಿದ್ದೂ ಹೀಗೆಯೇ. ನಮ್ಮ ಊಟಿಯ ಗ್ರೇಪ್ಸ್-3 ಪ್ರಯೋಗಾಲಯ 2014ರ ಡಿಸೆಂಬರ್ 1ರ ಗುಡುಗುಮೋಡವೊಂದರಲ್ಲಿ ಸುಮಾರು 130 ಕೋಟಿ ವೋಲ್ಟ್ ಇತ್ತೆಂದು ಮ್ಯುವಾನ್ ಎಣಿಕೆಯಿಂದಲೇ ಲೆಕ್ಕ ಹಾಕಿತು.

ಈಗ ಕೋಲಾರಕ್ಕೆ ಬರೋಣ. ನಂಜನಗೂಡಿನಲ್ಲಿ 1925ರಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1948ರಲ್ಲಿ ಮುಂಬೈಗೆ ಬಂದು ಟಾಟಾ ಸಂಸ್ಥೆ ಸೇರಿದರು. ಕೆಲಸಕ್ಕೆಂದು ಊರು ಬಿಟ್ಟ ನಮ್ಮಂತೆಯೇ. ಹೋಮಿ ಭಾಭಾ ಅವರನ್ನು 1951ರಲ್ಲಿ ವಾಪಸ್ ನಮ್ಮ ರಾಜ್ಯಕ್ಕೇ, ಕೋಲಾರದ ಗಣಿಗೆ ಕಳಿಸಿದರು. ಆಳಕ್ಕೆ ಇಳಿದಂತೆ ಮ್ಯುವಾನ್ ಎಷ್ಟು ಕಡಿಮೆಯಾಗುತ್ತದೆ ಎಂದು ಅಳೆಯುವ ಕೆಲಸ. 1960ರ ದಶಕದ ಆರಂಭದಲ್ಲಿ ಸುಮಾರು 2.7 ಕಿಲೋಮೀಟರ್ ಆಳದಲ್ಲಿ ಉಪಕರಣ ಇಟ್ಟಾಗ ಎರಡು ತಿಂಗಳಲ್ಲಿ ಒಂದೂ ಮ್ಯುವಾನ್ ಸಿಗಲಿಲ್ಲ.

ಆ ಸೊನ್ನೆಯೇ ದೊಡ್ಡ ಫಲಿತಾಂಶ. ಇಷ್ಟು ನಿಶ್ಶಬ್ದ ಜಾಗದಲ್ಲಿ ನ್ಯೂಟ್ರಿನೊದಂಥ ಮೆಲುದನಿಯೂ ಕೇಳಿಸೀತು ಎಂದು ಅವರಿಗೆ ಹೊಳೆಯಿತು. ಭಾರತ, ಜಪಾನ್, ಬ್ರಿಟನ್ ವಿಜ್ಞಾನಿಗಳು ಸೇರಿ 1965ರಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಹಿಡಿದರು. ಜಗತ್ತಿನಲ್ಲಿ ಅದೇ ವರ್ಷ ಇದನ್ನು ಕಂಡ ಇನ್ನೊಂದು ತಂಡ ಇದ್ದದ್ದು ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ.

ಕಪ್ಪು ದ್ರವ್ಯ, ಅಂದರೆ ಡಾರ್ಕ್ ಮ್ಯಾಟರ್ ಹುಡುಕುವವರಿಗೆ ಇಂದು ಬೇಕಿರುವುದೂ ಇದೇ ನಿಶ್ಶಬ್ದ. ವಿಶ್ವದಲ್ಲಿ ಕಾಣುವ ದ್ರವ್ಯಕ್ಕಿಂತ ಇದು ಐದು ಪಟ್ಟು ಹೆಚ್ಚಿದೆ ಎನ್ನುತ್ತದೆ ಲೆಕ್ಕ. ಕೈಗೆ ಮಾತ್ರ ಸಿಕ್ಕಿಲ್ಲ. ಮ್ಯುವಾನ್ ಬಂಡೆಗೆ ಬಡಿದು ಹೊರಡಿಸುವ ನ್ಯೂಟ್ರಾನ್ ಥೇಟ್ ಕಪ್ಪು ದ್ರವ್ಯದ ಕಣದಂತೆಯೇ ವೇಷ ಹಾಕಬಲ್ಲದು. ಆದ್ದರಿಂದ ಇಟಲಿಯ ಗ್ರಾನ್ ಸಾಸೊದಲ್ಲಿ 1,400 ಮೀಟರ್, ಚೀನಾದ ಜಿನ್‌ಪಿಂಗ್‌ನಲ್ಲಿ ಸುಮಾರು 2,400 ಮೀಟರ್ ಬಂಡೆಯ ಕೆಳಗೆ ಪ್ರಯೋಗಗಳಿವೆ. ಜತೆಗೆ ಸುತ್ತ ಮ್ಯುವಾನ್ ಕಾವಲುಗಾರ ಉಪಕರಣಗಳು: ಮ್ಯುವಾನ್ ಹಾದರೆ ಆ ಕ್ಷಣದ ದಾಖಲೆಯನ್ನು ಕೈಬಿಡಿ ಎಂದು ಸೂಚಿಸಲು. ನಮ್ಮಲ್ಲಿ 2017ರಲ್ಲಿ ಜಾರ್ಖಂಡದ ಜಾದೂಗುಡ ಯುರೇನಿಯಂ ಗಣಿಯಲ್ಲಿ 550 ಮೀಟರ್ ಆಳದ ಪ್ರಯೋಗಾಲಯ ಶುರುವಾಯಿತು.

ಕೋಲಾರದ ಗಣಿ ಮೂರು ಕಿಲೋಮೀಟರ್ ದಾಟಿತ್ತು. 1970ರ ದಶಕದಲ್ಲಿ ಅಲ್ಲಿ ದಾಖಲಾದ ಕೆಲವು ವಿಚಿತ್ರ ಘಟನೆಗಳಿಗೆ ಕಪ್ಪು ದ್ರವ್ಯದ ಕಣ ಒಡೆದದ್ದು ಕಾರಣವಿರಬಹುದೇ ಎಂದು 2014ರಲ್ಲಿ ಎಂ.ವಿ.ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ ಪ್ರಶ್ನೆ ಎತ್ತಿದರು. ಅದು ಊಹೆಯಷ್ಟೇ. ಆದರೆ ಅದೇ ಜಾಗದಲ್ಲಿ ಮತ್ತೆ ಅಳೆಯೋಣವೆಂದರೆ ಜಾಗವೇ ಇಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಆಳವನ್ನು ನೀರು ತುಂಬಿಕೊಂಡಿತು. ಚಿನ್ನದ ಲೆಕ್ಕದಲ್ಲಿ ನಷ್ಟದ ಗಣಿ ಅದು. ವಿಜ್ಞಾನದ ಲೆಕ್ಕವನ್ನು ಆ ಖಾತೆಯಲ್ಲಿ ಯಾರೂ ಬರೆಯಲಿಲ್ಲ.

ಆ ಗಣಿಯನ್ನು ನಾವು ಮರಳಿ ತರಲಾರೆವು. ಆದರೆ ಪ್ಲಾಸ್ಟಿಕ್ ಹಲಗೆ, ಬೆಳಕು ಗುರುತಿಸುವ ಸಣ್ಣ ಸೆನ್ಸರ್, ಒಂದು ಆರ್ಡುಯಿನೊ ಬೋರ್ಡ್ ಇದ್ದರೆ ಮೇಜಿನ ಮೇಲೆಯೇ ಮ್ಯುವಾನ್ ಎಣಿಸಬಹುದು. ಅಮೆರಿಕದ ಎಂಐಟಿಯಲ್ಲಿ ರೂಪಿಸಿದ ‘ಕಾಸ್ಮಿಕ್ ವಾಚ್’ ಎಂಬ ವಿನ್ಯಾಸ ಎಲ್ಲರಿಗೂ ಮುಕ್ತವಾಗಿದೆ. ಊರಿನ ಶಾಲೆಗೆ ಏನಾದರೂ ಕೊಡಬೇಕೆಂದಿರುವ ಹೊರನಾಡ ಕನ್ನಡಿಗರು ಕಂಪ್ಯೂಟರ್ ಜತೆಗೆ ಇಂಥದ್ದೊಂದನ್ನೂ ಯೋಚಿಸಬಹುದು. ನಂದಿಬೆಟ್ಟದ ಬುಡದಲ್ಲೊಮ್ಮೆ, ತುದಿಯಲ್ಲೊಮ್ಮೆ ಎಣಿಸಿದರೆ ಮೇಲೆ ಎಣಿಕೆ ಹೆಚ್ಚುವುದನ್ನು ಮಕ್ಕಳೇ ಕಾಣುತ್ತಾರೆ. ಕೆಜಿಎಫ್‌ನ ಮಕ್ಕಳಿಗಂತೂ ಇದನ್ನು ಮೊದಲು ತೋರಿಸಬೇಕು. ಅವರ ಅಜ್ಜಂದಿರು ಇಳಿಯುತ್ತಿದ್ದ ಗಣಿಗೆ ಭೌತವಿಜ್ಞಾನದ ಚರಿತ್ರೆಯಲ್ಲಿ ಒಂದು ಜಾಗ ಇದೆ.