ಬಿಸಿಲಿನ ಬೆಳೆ, ಸಂಜೆಯ ಲೆಕ್ಕ

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯಲ್ಲಿ, ಹಿಂದೆ ಕಡಲೆಕಾಯಿ ಬೆಳೆಯುತ್ತಿದ್ದ ಸುಮಾರು 13,000 ಎಕರೆ ಜಮೀನಿನ ಮೇಲೆ ಈಗ ಸೌರ ಫಲಕಗಳ ಸಾಲುಗಳಿವೆ. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಎಂಬ ಐದು ಊರುಗಳಿಗೆ ಹರಡಿರುವ ಈ ‘ಶಕ್ತಿ ಸ್ಥಳ’ದ ಸಾಮರ್ಥ್ಯ 2,050 ಮೆಗಾವಾಟ್. ರಾಯಚೂರು ಶಾಖೋತ್ಪನ್ನ ಕೇಂದ್ರದ 1,720 ಮೆಗಾವಾಟ್‌ಗಿಂತ ಇದು ದೊಡ್ಡದು. ಆದರೆ ರಾಯಚೂರಿನ ಬಾಯ್ಲರ್ ಇರುಳೂ ಉರಿಯುತ್ತದೆ. ಪಾವಗಡದ ಫಲಕಗಳು ಮನೆಗಳಲ್ಲಿ ದೀಪ ಹೊತ್ತಿಸುವ ವೇಳೆಗೆ ಸರಿಯಾಗಿ ಸುಮ್ಮನಾಗುತ್ತವೆ. ಇಂಗಾಲ ಕಡಿಮೆ ಉಗುಳುವ ವಿದ್ಯುತ್ತಿನ ಕಡೆಗೆ ಕರ್ನಾಟಕ ನಡೆದುಬಂದ ಹಾದಿಯ ಹೆಚ್ಚಿನ ಸಮಸ್ಯೆಗಳು ಈ ಒಂದು ವ್ಯತ್ಯಾಸದ ಸುತ್ತ ಬೆಳೆದವು.

ನೀರು ಇದ್ದ ಕಾಲ

ರಾಜ್ಯದ ವಿದ್ಯುತ್ತಿನ ಇತಿಹಾಸ ಶುರುವಾದದ್ದೇ ಹೊಗೆಯಿಲ್ಲದೆ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರ, ಆಮೇಲೆ 1960ರ ದಶಕದಲ್ಲಿ ಲಿಂಗನಮಕ್ಕಿ ಜಲಾಶಯ ಮತ್ತು ಶರಾವತಿ ಯೋಜನೆ ಇದೇ ದಾರಿಯನ್ನು ಮುಂದುವರಿಸಿದವು. ನೀರಿನ ವಿದ್ಯುತ್ತಿಗೆ ಒಂದು ದೊಡ್ಡ ಅನುಕೂಲವಿತ್ತು. ಮಳೆಗಾಲದಲ್ಲಿ ತುಂಬಿದ ಜಲಾಶಯವೇ ಅದರ ಉಗ್ರಾಣ. ಸಂಜೆ ಬೇಡಿಕೆ ಏರಿದಾಗ ಟರ್ಬೈನಿಗೆ ನೀರು ಬಿಟ್ಟರಾಯಿತು, ನಿಮಿಷಗಳಲ್ಲಿ ಕರೆಂಟು ಸಿದ್ಧ.

ಮಳೆ ಕೈಕೊಟ್ಟ ವರ್ಷ ಮಾತ್ರ ಇಡೀ ರಾಜ್ಯ ಕತ್ತಲಲ್ಲಿ ಕೂರಬೇಕಿತ್ತು. ಅದಕ್ಕೆ ಪರಿಹಾರವೆಂದು ಬಂದದ್ದು ಕಲ್ಲಿದ್ದಲು. ರಾಯಚೂರಿನ ಮೊದಲ 210 ಮೆಗಾವಾಟ್ ಘಟಕ 1985ರಲ್ಲಿ ಶುರುವಾಯಿತು. ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿಲ್ಲ. ಸಿಂಗರೇಣಿಯಿಂದಲೂ ಒಡಿಶಾದ ಮಹಾನದಿ ಗಣಿಗಳಿಂದಲೂ ಅದು ರೈಲಿನಲ್ಲಿ ಬರಬೇಕು. ಮಳೆಯ ಮೇಲಿನ ಅವಲಂಬನೆ ತಗ್ಗಿತು, ರೈಲು ವ್ಯಾಗನ್ನುಗಳ ಮೇಲಿನ ಅವಲಂಬನೆ ಹೆಚ್ಚಿತು.

ಎಷ್ಟು ಬೇಕು ಎಂಬ ಪ್ರಶ್ನೆ

ಮುಂದಿನ ದಿನಗಳಿಗೆ ಎಷ್ಟು ವಿದ್ಯುತ್ತು ಬೇಕಾದೀತು ಎಂದು ಅಂದಾಜಿಸಲು ರಾಜ್ಯ ನೇಮಿಸಿದ ಸಮಿತಿಯೊಂದು 1987ರಲ್ಲಿ ವರದಿ ಕೊಟ್ಟಿತು. ಬೇಡಿಕೆ ಹಿಂದೆ ಏರಿದ ರೀತಿಯಲ್ಲೇ ಮುಂದೆಯೂ ಏರುತ್ತದೆ ಎಂಬ ಎಣಿಕೆಯ ಮೇಲೆ ಅದು ಭಾರಿ ಸಂಖ್ಯೆಯ ಹೊಸ ಸ್ಥಾವರಗಳನ್ನು ಸೂಚಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ಕೆ.ಎನ್. ರೆಡ್ಡಿ ಮತ್ತು ಸಂಗಡಿಗರು ಲೆಕ್ಕವನ್ನು ಇನ್ನೊಂದು ತುದಿಯಿಂದ ಹಿಡಿದರು. ಜನರಿಗೆ ಬೇಕಾದದ್ದು ಯೂನಿಟ್ಟುಗಳಲ್ಲ. ಬೆಳಕು, ನೀರು, ಅಡುಗೆ, ಕೆಲಸ. ಯಾವ ಬಳಕೆಗೆ ಎಷ್ಟು ಸಾಕು, ಒಳ್ಳೆಯ ಪಂಪು ಮತ್ತು ಒಳ್ಳೆಯ ಬಲ್ಬಿನಿಂದ ಎಷ್ಟು ಉಳಿಯುತ್ತದೆ ಎಂದು ಒಂದೊಂದಾಗಿ ಕೂಡಿಸುತ್ತ ಹೋದರು. ‘ಡಿಫೆಂಡಸ್’ ಎಂಬ ಹೆಸರಿನಲ್ಲಿ 1991ರ ಹೊತ್ತಿಗೆ ಪ್ರಕಟವಾದ ಈ ಲೆಕ್ಕದ ಪ್ರಕಾರ, ಸಮಿತಿ ಹೇಳಿದ ವಿದ್ಯುತ್ತಿನ ಅರ್ಧಕ್ಕಿಂತ ಕಡಿಮೆಯಲ್ಲೇ ರಾಜ್ಯ 2000ನೇ ಇಸವಿಯನ್ನು ಮುಟ್ಟಬಹುದಿತ್ತು.

ಅದೇ ಬಳಗ ತುಮಕೂರು ಜಿಲ್ಲೆಯದೇ ಇನ್ನೊಂದು ಮೂಲೆಯಲ್ಲಿ, ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಊರಿನಲ್ಲಿ, ಪ್ರಯೋಗವೊಂದನ್ನು ಮಾಡಿತ್ತು. ಮನೆಮನೆಯಿಂದ ಸಗಣಿ ತಂದು ತೂಗಿ ಸಮುದಾಯದ ಗೋಬರ್ ಗ್ಯಾಸ್ ತೊಟ್ಟಿಗೆ ಹಾಕುವುದು, ತಂದವರಿಗೆ ದುಡ್ಡು ಕೊಡುವುದು, ಕೊಳೆತ ಬಗ್ಗಡವನ್ನು ಗೊಬ್ಬರಕ್ಕೆ ಹಿಂದಿರುಗಿಸುವುದು. ಅನಿಲದಿಂದ ಓಡುವ ಎಂಜಿನ್ನು ಊರಿಗೆ ಕುಡಿಯುವ ನೀರನ್ನೂ ಮನೆಗಳಿಗೆ ದೀಪವನ್ನೂ ಕೊಟ್ಟಿತು. ಹಗಲು ಕೂಡಿದ ಅನಿಲ ಕತ್ತಲಾಗುವವರೆಗೆ ತೊಟ್ಟಿಯಲ್ಲೇ ಕಾಯುತ್ತಿತ್ತು. ಪ್ರಯೋಗ ಊರೂರಿಗೆ ಹಬ್ಬಲಿಲ್ಲ. ಆದರೆ ಅದು ಎತ್ತಿದ ಎರಡು ಪ್ರಶ್ನೆಗಳು, ಅಂದರೆ ಯಾವ ಕೆಲಸಕ್ಕೆ ಮತ್ತು ಯಾವ ಹೊತ್ತಿಗೆ ಎಂಬುವು, ಮುಂದೆ ಸೌರ ವಿದ್ಯುತ್ತಿನ ಜೊತೆ ದೊಡ್ಡ ಗಾತ್ರದಲ್ಲಿ ಮರಳಿ ಬಂದವು.

ಬಿಸಿಲಿನ ಬೆಲೆ ಇಳಿದದ್ದು

ಕೋಲಾರ ಜಿಲ್ಲೆಯ ಯಳೇಸಂದ್ರದಲ್ಲಿ ಕರ್ನಾಟಕ ವಿದ್ಯುತ್ ನಿಗಮ ಕಟ್ಟಿದ 3 ಮೆಗಾವಾಟ್ ಸ್ಥಾವರ ದೇಶದಲ್ಲಿ ಗ್ರಿಡ್‌ಗೆ ಸೇರಿದ ಮೊದಲ ದೊಡ್ಡ ಸೌರ ಸ್ಥಾವರಗಳಲ್ಲೊಂದು. ಹಳ್ಳಿಯ ಫೀಡರ್‌ನಲ್ಲಿ ಪಂಪ್‌ಸೆಟ್‌ಗಳಿಗೆ ಹಗಲು ಹೊತ್ತು ಆಸರೆಯಾಗುವುದು ಅದರ ಉದ್ದೇಶವಾಗಿತ್ತು. 2010ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಸೌರ ಮಿಷನ್ ಆರಂಭಿಸಿತು. ಆ ವರ್ಷದ ಕೊನೆಯ ಹರಾಜಿನಲ್ಲಿ ಅತಿ ಕಡಿಮೆ ಬೆಲೆ ಯೂನಿಟ್ಟಿಗೆ 10 ರೂಪಾಯಿ 95 ಪೈಸೆ. 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಡ್ಲಾ ಹರಾಜಿನಲ್ಲಿ ಅದು 2 ರೂಪಾಯಿ 44 ಪೈಸೆಗೆ ಇಳಿಯಿತು. ಫಲಕಗಳು ಅಗ್ಗವಾದದ್ದು ಇದಕ್ಕೆ ಒಂದು ಕಾರಣ. ಜಾಗ ಮತ್ತು ತಂತಿಯ ತಲೆನೋವನ್ನು ಸರ್ಕಾರವೇ ಹೊತ್ತ ‘ಸೋಲಾರ್ ಪಾರ್ಕ್’ ಪದ್ಧತಿ ಇನ್ನೊಂದು.

ರಾಜ್ಯ 2014ರಲ್ಲಿ ತನ್ನ ಸೌರ ನೀತಿಯನ್ನು ಪ್ರಕಟಿಸಿತು. 2021ರ ಹೊತ್ತಿಗೆ 2,000 ಮೆಗಾವಾಟ್ ಎಂದಿದ್ದ ಗುರಿಯನ್ನು ಆಮೇಲೆ 6,000ಕ್ಕೆ ಏರಿಸಲಾಯಿತು. ಈ ನೀತಿ ಮೂರು ದಾರಿಗಳನ್ನು ಒಟ್ಟಿಗೆ ಹಿಡಿಯಿತು. ಜಮೀನು ಇರುವ ರೈತ ಅಲ್ಲೇ 1ರಿಂದ 3 ಮೆಗಾವಾಟ್ ಸ್ಥಾವರ ಹಾಕಿಕೊಳ್ಳುವುದು ಒಂದು. ಒಂದೇ ಕಡೆ ತಂತಿಯ ಮೇಲೆ ಹೊರೆ ಬೀಳದಂತೆ ತಾಲ್ಲೂಕಿಗೆ 20 ಮೆಗಾವಾಟ್‌ನಂತೆ ಹಂಚುವುದು ಇನ್ನೊಂದು. ಮೂರನೆಯದು ಪಾವಗಡದ ಬೃಹತ್ ಪಾರ್ಕು. ಅದಕ್ಕಾಗಿ 2015ರಲ್ಲಿ ಕೇಂದ್ರ ಮತ್ತು ರಾಜ್ಯದ ಸಂಸ್ಥೆಗಳ ಜಂಟಿ ಕಂಪನಿ ಹುಟ್ಟಿತು. 2018ರ ಮಾರ್ಚ್ 1ರಂದು ಪಾರ್ಕಿನ ಮೊದಲ ಹಂತ ಉದ್ಘಾಟನೆಯಾಯಿತು. 2019ರ ಕೊನೆಗೆ ಪೂರ್ಣ ಸಾಮರ್ಥ್ಯ ಕೂಡಿತು.

ಪಹಣಿ ಇದ್ದವರು, ಇಲ್ಲದವರು

ಪಾವಗಡ ಮೇಲಿಂದ ಮೇಲೆ ಬರಪೀಡಿತ ಪಟ್ಟಿಗೆ ಸೇರುವ ತಾಲ್ಲೂಕು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್, ಮಳೆ ನಂಬಿದ ಕಡಲೆಕಾಯಿ, ದುಡಿಮೆಗೆ ಬೆಂಗಳೂರಿನ ಬಸ್ಸು. ಅಲ್ಲಿ ಸರ್ಕಾರ ಭೂಮಿಯನ್ನು ಸ್ವಾಧೀನ ಮಾಡಿಕೊಳ್ಳದೆ ಗುತ್ತಿಗೆಗೆ ಪಡೆದದ್ದು ಹೊಸ ಮಾದರಿ ಎನಿಸಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ, ಅವಧಿ 28 ವರ್ಷ. ಐದು ಎಕರೆಯವರಿಗೆ ಮೊದಲ ವರ್ಷ 1,05,000 ರೂಪಾಯಿ. ಮಳೆ ಬಂದರೂ ಬಾರದಿದ್ದರೂ ಇಷ್ಟು ಖಾತ್ರಿ. ಜಮೀನು ರೈತರ ಹೆಸರಿನಲ್ಲೇ ಉಳಿಯಿತು.

ಈ ಲೆಕ್ಕ ಪಹಣಿಯಲ್ಲಿ ಹೆಸರು ಇದ್ದವರಿಗೆ ಮಾತ್ರ ಅನ್ವಯ. ಕೂಲಿಯವರಿಗೆ, ದಾಖಲೆಯಿಲ್ಲದೆ ಉಳುತ್ತಿದ್ದವರಿಗೆ, ಬೀಳು ನೆಲದಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆಯ ಹಣದಲ್ಲಿ ಪಾಲಿರಲಿಲ್ಲ. ಕಳೆ ಕೀಳುವ, ಕಾಯಿ ಬಿಡಿಸುವ ಕೆಲಸ ಹೋಯಿತು. ಫಲಕ ತೊಳೆಯುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸ ಬಂತು. ಆದರೆ ಸೌರ ಸ್ಥಾವರ ಒಮ್ಮೆ ನಿಂತ ಮೇಲೆ ಕೇಳುವ ಕೈಗಳು ಕಡಿಮೆ. ಭೂಮಿಯ ಒಡೆತನವನ್ನಷ್ಟೇ ಎಣಿಸುವ ನೀತಿ ಆ ಭೂಮಿ ಹೊತ್ತಿದ್ದ ದುಡಿಮೆಯನ್ನು ಎಣಿಸುವುದಿಲ್ಲ ಎಂಬುದು ಪಾವಗಡ ಮುಂದಿಟ್ಟ ಪಾಠ.

ಹಗಲು ಹೆಚ್ಚು, ಸಂಜೆ ಕಡಿಮೆ

2018ರ ಹೊತ್ತಿಗೆ ಕರ್ನಾಟಕ ನವೀಕರಿಸಬಹುದಾದ ವಿದ್ಯುತ್ತಿನ ಸಾಮರ್ಥ್ಯದಲ್ಲಿ ತಮಿಳುನಾಡನ್ನು ಹಿಂದಿಕ್ಕಿ ದೇಶದಲ್ಲಿ ಮೊದಲ ಸ್ಥಾನಕ್ಕೆ ಬಂತು. ಅಲ್ಲಿಂದ ಎದುರಾದದ್ದು ಬೇರೆ ಬಗೆಯ ಸಮಸ್ಯೆ. ಚಿತ್ರದುರ್ಗ, ಗದಗಗಳ ಗಾಳಿಯಂತ್ರಗಳು ಜೋರಾಗಿ ತಿರುಗುವುದು ಮಳೆಗಾಲದಲ್ಲಿ. ಸೌರ ವಿದ್ಯುತ್ತು ಮಧ್ಯಾಹ್ನ ಉಕ್ಕಿ ಸಂಜೆ ಬತ್ತುತ್ತದೆ. ಗ್ರಿಡ್‌ನಲ್ಲಿ ಹಾಕುವುದೂ ತೆಗೆಯುವುದೂ ಕ್ಷಣಕ್ಷಣಕ್ಕೂ ಸರಿದೂಗಬೇಕು. ದಿನವನ್ನು 15 ನಿಮಿಷಗಳ 96 ತುಂಡುಗಳಾಗಿ ಮಾಡಿ ಪ್ರತಿ ತುಂಡಿಗೂ ಬಿಸಿಲು ಮತ್ತು ಗಾಳಿ ಎಷ್ಟು ಕೊಟ್ಟಾವು ಎಂದು ಮುಂಚೆಯೇ ಹೇಳುವುದು ಈಗ ನಿಯಮ. ಒಂದು ಮೋಡದ ಸಾಲು ಈ ಲೆಕ್ಕವನ್ನು ತಪ್ಪಿಸಬಲ್ಲದು. ಹೀಗಾಗಿ ಹವಾಮಾನ ಮುನ್ಸೂಚನೆ ವಿದ್ಯುತ್ ಸಂಶೋಧನೆಯ ಭಾಗವಾಯಿತು.

ಮೊದಲ ಉಪಾಯ ಬೇಡಿಕೆಯನ್ನೇ ಹಗಲಿಗೆ ಎಳೆಯುವುದು. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ನೀರಾವರಿ ಪಂಪ್‌ಸೆಟ್‌ಗಳಿವೆ. ತ್ರೀಫೇಸ್ ಕರೆಂಟು ಇರುಳು ಬಂದರೆ ರೈತ ಬ್ಯಾಟರಿ ಹಿಡಿದು, ಹಾವು ಚೇಳಿನ ಭಯದಲ್ಲಿ ಹೊಲಕ್ಕೆ ಹೋಗಬೇಕಿತ್ತು. ಸೌರ ವಿದ್ಯುತ್ತು ಹೆಚ್ಚಿದಂತೆ ಈ ಪೂರೈಕೆಯ ಪಾಲನ್ನು ಹಗಲಿಗೆ ಸರಿಸಲು ಸಾಧ್ಯವಾಯಿತು. ಫೀಡರ್ ಪಕ್ಕದಲ್ಲೇ ಸೌರ ಸ್ಥಾವರ ಹಾಕಿ ಪಂಪುಗಳಿಗೆ ಉಣಿಸುವ ಕುಸುಮ್ ಯೋಜನೆ ಯಳೇಸಂದ್ರದ ಹಳೆಯ ಉದ್ದೇಶವನ್ನೇ ಮುಂದುವರಿಸಿದೆ. ಹಗಲು ಕರೆಂಟು ಸುಲಭವಾದಷ್ಟೂ ಅಂತರ್ಜಲ ಬೇಗ ಇಳಿಯಬಹುದು ಎಂಬ ಎಚ್ಚರಿಕೆಯೂ ಇದರ ಜೊತೆಗಿದೆ.

ಎರಡನೆಯ ಉಪಾಯ ಕಲ್ಲಿದ್ದಲಿನ ಸ್ಥಾವರವನ್ನು ಬಗ್ಗಿಸುವುದು. ಮಧ್ಯಾಹ್ನ ಇಳಿಸಿ ಸಂಜೆ ಏರಿಸಬೇಕು. 2023ರ ಕೇಂದ್ರ ನಿಯಮಗಳು ಇಂಥ ಸ್ಥಾವರಗಳು ಹಂತಹಂತವಾಗಿ ಶೇ 40ರ ಮಟ್ಟಕ್ಕೆ ಇಳಿದೂ ನಡೆಯುವಂತಿರಬೇಕು ಎಂದವು. ಆದರೆ ಒಂದೇ ಸಮನೆ ಓಡಲೆಂದು ಕಟ್ಟಿದ ಬಾಯ್ಲರ್‌ನ ಕೊಳವೆಗಳು ಪದೇಪದೇ ಕಾದು ಆರಿದರೆ ಬೇಗ ಸವೆಯುತ್ತವೆ. ಕಡಿಮೆ ಮಟ್ಟದಲ್ಲಿ ಓಡಿಸಿದಾಗ ಪ್ರತಿ ಯೂನಿಟ್ಟಿಗೆ ಸುಡುವ ಕಲ್ಲಿದ್ದಲೂ ಹೆಚ್ಚು. ಹಾಗೆಂದು ಮುಚ್ಚುವಂತೆಯೂ ಇಲ್ಲ. 2023ರಲ್ಲಿ ಮಳೆ ಕೈಕೊಟ್ಟು ಜಲಾಶಯಗಳು ಬರಿದಾಗಿ, ಪಂಪುಗಳ ಬೇಡಿಕೆ ಏರಿದಾಗ, ರಾಜ್ಯ ಸರ್ಕಾರ ಅಕ್ಟೋಬರ್‌ನಲ್ಲಿ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ ರಾಜ್ಯದ ಖಾಸಗಿ ಉತ್ಪಾದಕರು ಗ್ರಿಡ್‌ಗೇ ವಿದ್ಯುತ್ತು ಕೊಡಬೇಕೆಂದು ಆದೇಶಿಸಿತು. ಉತ್ತರ ಪ್ರದೇಶ, ಪಂಜಾಬ್‌ಗಳಿಂದ ಕೈಗಡ ಪಡೆಯಬೇಕಾಯಿತು.

ನೀರನ್ನು ಮೇಲಕ್ಕೆ ಎತ್ತುವುದು

ಮೂರನೆಯ ಉಪಾಯ ಸಂಗ್ರಹ. ಶರಾವತಿ ಕಣಿವೆಯಲ್ಲಿ ಮೇಲಿನ ತಲಕಳಲೆ ಮತ್ತು ಕೆಳಗಿನ ಗೇರುಸೊಪ್ಪ ಜಲಾಶಯಗಳನ್ನು ಸುರಂಗದಿಂದ ಜೋಡಿಸುವ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆ ಇದಕ್ಕಾಗಿ ರೂಪುಗೊಂಡಿತು. ಹಗಲು ಮಿಕ್ಕ ವಿದ್ಯುತ್ತಿನಿಂದ ನೀರನ್ನು ಮೇಲಕ್ಕೆ ಎತ್ತಿ, ಸಂಜೆ ಅದನ್ನೇ ಇಳಿಸಿ ವಿದ್ಯುತ್ತು ಪಡೆಯುವುದು. ಸ್ಥೂಲವಾಗಿ ನಾಲ್ಕು ಯೂನಿಟ್ ಹಾಕಿದರೆ ಮೂರು ಹಿಂದಿರುಗುತ್ತದೆ.

ಜಲಾಶಯಗಳು ಈಗಾಗಲೇ ಇರುವುದರಿಂದ ಹೊಸ ಅಣೆಕಟ್ಟು ಬೇಡ ಎಂಬುದು ಯೋಜಕರ ವಾದ. ಸುರಂಗ, ರಸ್ತೆ, ತಂತಿಮಾರ್ಗಗಳು ಬರುವ ಜಾಗ ಸಿಂಗಳೀಕ ಅಭಯಾರಣ್ಯ, ಕುಸಿಯುವ ಗುಡ್ಡಗಳ ಮಳೆಕಾಡು ಎಂಬುದು ವಿರೋಧಿಸುವವರ ಮಾತು. ಲಿಂಗನಮಕ್ಕಿಗಾಗಿ ಊರು ಬಿಟ್ಟ ಕುಟುಂಬಗಳ ಹಕ್ಕುಪತ್ರದ ಗೋಳು ಅರ್ಧ ಶತಮಾನ ಕಳೆದರೂ ತೀರದ ಕಣಿವೆ ಅದು. ಹೊಗೆ ಕಡಿಮೆ ಮಾಡುವ ಯೋಜನೆಯೇ ಕಾಡನ್ನು ಕೇಳಿದಾಗ ಯಾವುದನ್ನು ಯಾವುದರಿಂದ ಅಳೆಯಬೇಕು ಎಂಬುದಕ್ಕೆ ಸಿದ್ಧ ಮಾನದಂಡವಿಲ್ಲ. ಬ್ಯಾಟರಿಗೆ ಕಾಡು ಬೇಕಿಲ್ಲ, ಆದರೆ ಅದರ ಆಯುಷ್ಯ ಕಡಿಮೆ. ಲಿಥಿಯಂ ಹೊರದೇಶದಿಂದ ಬರಬೇಕು.

ಬಿಲ್ಲು ಯಾರಿಗೆ

ಸೌರ ಉದ್ಯಮವನ್ನು ಎಳೆತರಲು ವಿದ್ಯುತ್ ನಿಯಂತ್ರಣ ಆಯೋಗ 2014ರಲ್ಲಿ, 2018ರ ಮಾರ್ಚ್‌ ಒಳಗೆ ಶುರುವಾಗುವ ಸೌರ ಸ್ಥಾವರಗಳಿಗೆ ತಂತಿ ಬಳಸುವ ಶುಲ್ಕದಿಂದ ಹತ್ತು ವರ್ಷ ವಿನಾಯಿತಿ ಕೊಟ್ಟಿತು. ಕಾರ್ಖಾನೆಗಳು, ದೊಡ್ಡ ಕಟ್ಟಡಗಳು ನೇರವಾಗಿ ಸೌರ ವಿದ್ಯುತ್ತು ಕೊಳ್ಳತೊಡಗಿದವು. ಹೆಚ್ಚು ದರ ಕೊಟ್ಟು ರೈತರ ಪಂಪಿನ ಖರ್ಚನ್ನು ಪರೋಕ್ಷವಾಗಿ ತುಂಬುತ್ತಿದ್ದ ಗ್ರಾಹಕರೇ ವಿದ್ಯುತ್ ವಿತರಣಾ ಕಂಪನಿಗಳಾದ ಎಸ್ಕಾಂಗಳಿಂದ ದೂರವಾದರು. ಮಧ್ಯಾಹ್ನ ತಮ್ಮದೇ ಬಿಸಿಲು ಬಳಸಿ ಸಂಜೆ ಎಸ್ಕಾಂ ತಂತಿಗೆ ಬರುವ ಇಂಥ ಗ್ರಾಹಕರಿಗಾಗಿ ಸ್ಥಾವರ, ತಂತಿ, ಸಿಬ್ಬಂದಿಯನ್ನು ಸದಾ ಸಜ್ಜಾಗಿಡುವ ಖರ್ಚನ್ನು ಯಾರಿಂದ ವಸೂಲು ಮಾಡಬೇಕು ಎಂಬುದು ದರ ನೀತಿಯ ಅತಿ ಜಟಿಲ ಭಾಗ. ಹಗಲು ಅಗ್ಗ, ಸಂಜೆ ದುಬಾರಿ ಎಂಬ ಹೊತ್ತಿನ ದರ ಇದಕ್ಕೆ ಒಂದು ಉತ್ತರ. ಪ್ರತಿ ಪಂಪಿಗೂ ಮೀಟರ್ ಇಲ್ಲದ ಕಡೆ ಅದನ್ನು ಜಾರಿ ಮಾಡುವುದು ಕಷ್ಟ.

ಕೊನೆಯದಾಗಿ ಉಳಿಯುವುದು ಫಲಕಗಳದೇ ಮುಪ್ಪು. ಅವುಗಳ ಬಾಳಿಕೆ ಸುಮಾರು 25 ವರ್ಷ. 2022ರ ಇ-ತ್ಯಾಜ್ಯ ನಿಯಮಗಳು ಸೌರ ಫಲಕಗಳನ್ನೂ ಒಳಗೊಂಡಿವೆ. ಗಾಜು, ಅಲ್ಯೂಮಿನಿಯಂ ಸುಲಭವಾಗಿ ಬೇರ್ಪಡುತ್ತವೆ. ಸಿಲಿಕಾನ್, ಬೆಳ್ಳಿಗಳನ್ನು ಲಾಭಕ್ಕೆ ಬಿಡಿಸುವ ವಿಧಾನ ಇನ್ನೂ ಪಳಗಬೇಕು. ಪಾವಗಡದ ಗುತ್ತಿಗೆ 2040ರ ದಶಕದ ನಡುವೆ ಮುಗಿಯುತ್ತದೆ. ಫಲಕ ಕಿತ್ತು ಕೊಂಡೊಯ್ಯುವ ಹೊಣೆ, ಕಾಂಕ್ರೀಟು ತೆಗೆದು ನೆಲವನ್ನು ಉಳುಮೆಗೆ ಒದಗಿಸುವ ಖರ್ಚು, ಅಳಿಸಿಹೋದ ಬದುಗಳನ್ನು ಮತ್ತೆ ಗುರುತಿಸುವ ಅಳತೆ, ಇವೆಲ್ಲ ಆ ಹೊತ್ತಿಗೆ ಮುನ್ನವೇ ಕಾಗದದ ಮೇಲೆ ಸ್ಪಷ್ಟವಾಗಬೇಕಾದ ಕೆಲಸಗಳು.