ಗರುಡ ಹುಟ್ಟಿಸಿದ ಭಯ ಅಧೀರ ಹುಟ್ಟಿಸಲಿಲ್ಲ
ಹೊರ್ತಿಯಲ್ಲಿ ದೊಡ್ಡಾಟ ನೋಡಿ ಬೆಳೆದವಳು ನಾನು. ರಾಕ್ಷಸ ವೇಷ ಕುಣಿಯುತ್ತ ಬಂದರೆ ಮುಂದೆ ಕೂತ ಹುಡುಗರು ಹಿಂದೆ ಸರಿಯುತ್ತಿದ್ದರು. ಖಳ ಗಟ್ಟಿಯಿದ್ದರೇ ನಾಯಕನ ಗೆಲುವಿಗೆ ಬೆಲೆ. ಅದಕ್ಕೇ ‘ಕೆಜಿಎಫ್ ಚಾಪ್ಟರ್ 2’ ಗಲ್ಲಾಪೆಟ್ಟಿಗೆಯಲ್ಲಿ ಎಷ್ಟೇ ಗೆದ್ದರೂ ನನಗೆ ನಿರಾಸೆ ತಂದಿತು.

2018ರ ಮೊದಲ ಭಾಗದಲ್ಲಿ ಖಳ ಗರುಡನಾಗಿದ್ದ ರಾಮಚಂದ್ರ ರಾಜು ಹೆಚ್ಚು ಮಾತಾಡುವುದಿಲ್ಲ. ಅವನ ಕ್ರೌರ್ಯ ನರಾಚಿಯ ಗಣಿಯಾಳುಗಳ ಮುಖದಲ್ಲಿ ಕಾಣುತ್ತದೆ. ಕುರುಡ ಮುದುಕನನ್ನು ಕೊಲ್ಲಲು ಕಾವಲುಗಾರರು ಬಂದಾಗ ನನ್ನ ಎದೆ ಧಸಕ್ಕೆಂದಿತ್ತು.

2022ರ ಏಪ್ರಿಲ್ 14ರಂದು ಬಂದ ಎರಡನೆಯ ಭಾಗದ ಖಳ ಅಧೀರನಿಗೆ ಸಂಜಯ್ ದತ್ ಅವರ ದೇಹ, ಹೆಣೆದ ಜಡೆ, ಭಾರಿ ಕತ್ತಿ ಎಲ್ಲವೂ ಇವೆ. ನಾಯಕ ರಾಕಿಗೆ ಗುಂಡು ಹೊಡೆದೂ ಬದುಕಲು ಬಿಡುತ್ತಾನೆ. ರಾಕಿಯ ಕೈಗೆ ಕಲಾಶ್ನಿಕೋವ್ ಬಂದೂಕುಗಳು ಬಂದ ಮೇಲೆ ಅಧೀರನ ಪಡೆ ಎದುರು ನಿಲ್ಲುವುದೇ ಇಲ್ಲ. ರಾಕಿಯ ಹೆಂಡತಿ ರೀನಾಳನ್ನು ಕೊಲ್ಲುವವನೂ ಅಧೀರನೇ. ಆದರೆ ಅಷ್ಟೊತ್ತಿಗೆ ಕಥೆಯ ಬಲವೆಲ್ಲ ಪ್ರಧಾನಿ ರಮಿಕಾ ಸೇನ್ ಕಡೆ ವಾಲಿರುತ್ತದೆ.

ಹಾಲಿವುಡ್ಡೂ ಇಲ್ಲೇ ಎಡವಿದೆ. 2013ರ ‘ಥಾರ್: ದ ಡಾರ್ಕ್ ವರ್ಲ್ಡ್’ನ ಮಾಲೆಕಿತ್ ಜಗತ್ತನ್ನೇ ಕತ್ತಲಾಗಿಸಲು ಹೊರಡುತ್ತಾನೆ, ಆದರೆ ಅವನ ಸಿಟ್ಟು ನಮಗೆ ತಟ್ಟುವುದಿಲ್ಲ.

ನಿರ್ದೇಶಕ ಪ್ರಶಾಂತ್ ನೀಲ್ ಮೂರನೆಯ ಭಾಗ ತೆಗೆದರೆ, ಬಂದೂಕು ತರುವ ಮೊದಲು ಖಳನಿಗೆ ಅರ್ಧ ಗಂಟೆ ಕೊಡಲಿ.